ಬಾಗಿಲು ಮುಚ್ಚದ ವರ್ಷ

ಹೋದ ತಿಂಗಳು ಉದಗೀರದಲ್ಲಿ ಮಗನ ಮನೆಯ ಮುಂಬಾಗಿಲು ನೆಲಕ್ಕೆ ತಾಗಿ ಕಿರುಗುಟ್ಟತೊಡಗಿತು. ಮಗ ಫೋನು ಮಾಡಿದ್ದೇ ತಡ, ಒಬ್ಬ ಮಿಸ್ತ್ರಿ ಮೋಟಾರ್ ಸೈಕಲ್ಲಿನ ಮೇಲೆ ಬಂದ. ಬಂದವನೇ ತಿರುಪು ಬಿಚ್ಚಿ, ಬಾಗಿಲನ್ನು ಅನಾಮತ್ತು ಎತ್ತಿ ಗೋಡೆಗೆ ಆನಿಸಿ, ಕರೆಂಟಿನ ರಂಧಾ ಹಚ್ಚಿ ಅದರ ಅಡಿಯನ್ನು ಹೆರೆಯತೊಡಗಿದ. ಮನೆ ತುಂಬ ಸಾಗುವಾನಿ ಹೊಟ್ಟಿನ ವಾಸನೆ ಹಬ್ಬಿತು.

"ಅಲ್ಲೋ ತಮ್ಮಾ, ಬಾಗಿಲಾ ಕಳಚೂದಕ್ಕಿಂತ ಮೊದಲ ಮನಿಯವರಿಗಿ ಏನರೇ ಕೇಳಬೇಕಲ್ಲ?" ಎಂದೆ.

"ಸಾಹೇಬ್ರ ಜೋಡಿ ಎಲ್ಲಾ ಮಾತಾಗ್ಯಾದ ಆಯಿ" ಎಂದು ಆತ ತಲೆಯೆತ್ತದೆ ಹೇಳಿದ.

ಆತನದೇನೂ ತಪ್ಪಿಲ್ಲ. ನಾನು ಯಾವ ಪ್ರಶ್ನೆಯ ಮಾತು ಆಡುತ್ತಿದ್ದೇನೆಂದು ಆತನಿಗೆ ತಿಳಿಯುವುದಾದರೂ ಹೇಗೆ? ನನ್ನ ಕಾಲದಲ್ಲಿ ಬಡಿಗ ಮುಂಬಾಗಿಲಿಗೆ ಕೈ ಹಚ್ಚುವ ಮೊದಲು ಒಂದು ಮಾತು ಕೇಳಿಯೇ ಕೇಳುತ್ತಿದ್ದ. ಆ ಮಾತಿಗೆ ಹೌದು ಎಂದು ಉತ್ತರ ಬಂದದ್ದರಿಂದ ಮುರುಮು ಎಂಬ ಊರಿನ ನಮ್ಮ ಮನೆಯ ಬಾಗಿಲು ಒಂದು ಇಡೀ ಬರಗಾಲ ತೆರೆದೇ ಇತ್ತು. ಮಿಸ್ತ್ರಿ ಹೋದ ಮೇಲೂ ಹೊಟ್ಟಿನ ವಾಸನೆ ಹೋಗಲಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ.

ಎಪ್ಪತ್ತೆರಡರ ಬರ ಅಂದರೆ ನಮ್ಮ ಕಡೆಯ ಹಳಬರು ಈಗಲೂ ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ. ನಾನು ಆಗ ಭಾಲ್ಕಿ ಕಡೆಯಿಂದ ಮುರುಮಿಗೆ ಸೊಸೆಯಾಗಿ ಬಂದು ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ. ನನ್ನ ಗಂಡ ಶಿವಲಿಂಗಪ್ಪನವರಿಗೆ ಪೇಟೆಯಲ್ಲಿ ಕಾಳಿನ ಅಂಗಡಿ. ಮನೆಯಲ್ಲಿ ನಾವಿಬ್ಬರು, ಮತ್ತೆ ಅತ್ತೆ ಶರಣಮ್ಮ. ಮಾವ ತೀರಿಕೊಂಡ ಮೇಲೆ ಮನೆ, ಹೊಲ, ಅಂಗಡಿ ಎಲ್ಲಕ್ಕೂ ಅತ್ತೆಯದೇ ಕೊನೆಯ ಮಾತು. ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ, ಮಾತು ಕಡಿಮೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಅದು ಪೂರಾ ಅತ್ತೆಯ ಕಾಲವಾಗಿತ್ತು. ನಾನು ಬಾಯಿಬಡಕಿ, ಆದರೆ ಅವರ ಮುಂದೆ ನನ್ನ ಬಾಯಿಗೂ ಬೀಗ.

ಆ ವರ್ಷ ಮೃಗ ಮಳೆ ನಾಲ್ಕು ಹನಿ ಉದುರಿಸಿ ಹೋಯಿತು. ಮುಂದಿನ ಮಳೆಗಳು ಅಷ್ಟನ್ನೂ ಮಾಡಲಿಲ್ಲ. ದಸರೆಯ ಹೊತ್ತಿಗೆ ಎರೆಭೂಮಿ ಬಾಯಿ ಬಿಟ್ಟು, ಮೊಳಕೈ ತನಕ ಇಳಿಯುವಷ್ಟು ಬಿರುಕು ಬಿದ್ದಿದ್ದವು. ಹೊಲಕ್ಕೆ ಬಿದ್ದ ಬಿರುಕು ಊರಿಗೂ ಬಂತು. ನಮ್ಮ ಮನೆ ಎರೆಮಣ್ಣಿನ ಮೇಲೆಯೇ ಕಟ್ಟಿದ್ದು. ನೆಲ ಒಣಗಿ ಕುಗ್ಗಿದಂತೆ ಹೊಸ್ತಿಲ ಬಲಗಡೆಯ ಕಲ್ಲು ಒಳಕ್ಕೆ ಕುಸಿಯಿತು. ಹಳೇ ಕಾಲದ ಆ ಎರಡು ಕದದ ಬಾಗಿಲಿಗೆ ಬಿಜಾಗರಿ ಇರಲಿಲ್ಲ. ಪ್ರತಿ ಕದದ ಕೆಳಮೂಲೆಯಲ್ಲಿ ಗೂಟದಂಥ ಕಾಲು, ಅದು ಕಲ್ಲಿನ ಕುಳಿಯಲ್ಲಿ ಕೂತು ತಿರುಗಬೇಕು. ಕಲ್ಲೇ ಕುಸಿದ ಮೇಲೆ ಕದ ಜೋತುಬಿತ್ತು. ಎಡಗಡೆಯದು ತನ್ನ ಪಾಡಿಗೆ ಬಂದು ನಿಲ್ಲುತ್ತಿತ್ತು. ಬಲಗಡೆಯದು ಅರ್ಧಕ್ಕೆ ನೆಲ ಕಚ್ಚಿ ಅಲ್ಲೇ ಹಟ ಹಿಡಿಯುತ್ತಿತ್ತು. ನಡುವೆ ಒಬ್ಬ ಮನುಷ್ಯ ನೆಟ್ಟಗೆ ನಡೆದು ಬರುವಷ್ಟು ಸಂದು. ಬರಗಾಲದಲ್ಲಿ ಅಧಿಕಮಾಸ ಅಂದರೆ ಇದೇ ಎಂದು ನನ್ನ ಗಂಡ ದಿನಾ ಗೊಣಗುತ್ತಿದ್ದರು. ಕಾಳಿನ ವ್ಯಾಪಾರಿಯ ಮನೆ, ಅದರಲ್ಲಿ ವರ್ಷದ ಉಣ್ಣುವ ಜೋಳ, ಊರ ಸುತ್ತ ಹಸಿವು, ಅದರ ಮೇಲೆ ಮುಚ್ಚದ ಬಾಗಿಲು.

ದೀಪಾವಳಿ ಮುಗಿದ ವಾರದಲ್ಲಿ ಸುತಾರ ಕಾಳಪ್ಪನಿಗೆ ಹೇಳಿ ಕಳಿಸಿದರು. ಕಾಳಪ್ಪ ನಮ್ಮ ಓಣಿಯ ಬಾಗಿಲು, ತೊಟ್ಟಿಲು, ಕುಂಟೆ, ಕೂರಿಗೆ ಎಲ್ಲ ಮಾಡಿದವನು. ಚೀಲ ಇಳಿಸಿ, ಬಾಗಿಲನ್ನು ಹಿಂದೆ ಮುಂದೆ ಅಲುಗಾಡಿಸಿ ನೋಡಿದ. ಕದ ಕೆಳಗಿಳಿಸಿ, ಕಲ್ಲು ಕಿತ್ತು ಮತ್ತೆ ಕೂಡಿಸಬೇಕು, ಒಂದು ದಿನದ ಕೆಲಸ ಎಂದ. ಉಳಿ, ಬಾಚಿ ಹೊರಗೆ ತೆಗೆದ. ತೆಗೆದವನು ಕೈ ತಡೆದು ಅತ್ತೆಯ ಕಡೆ ನೋಡಿದ.

"ಒಂದ್ ಮಾತ್ ಕೇಳ್ತೀನ್ರಿ ಅಮ್ಮಾರ, ಸಿಟ್ಟಾಗಬ್ಯಾಡ್ರಿ. ಮನ್ಯಾಗ ಯಾರರೇ ಬಸರಿ ಅದಾರೇನ್ರಿ?"

ಅತ್ತೆ ನನ್ನ ಕಡೆ ತಿರುಗಿ ನೋಡಿದರು. ನಾನು ಒಳಬಾಗಿಲ ಹಿಂದೆ ನಿಂತಿದ್ದೆ. ನನಗೆ ಮುಟ್ಟು ನಿಂತದ್ದು ಅತ್ತೆಗೆ ಮತ್ತು ನನಗೆ ಮಾತ್ರ ಗೊತ್ತಿತ್ತು. ಹಿಂದಿನ ವರ್ಷ ಒಂದು ಬಸಿರು ಮೂರು ತಿಂಗಳಿಗೇ ಹೋಗಿತ್ತು; ಆಗ ಊರೆಲ್ಲ ಹೇಳಿಕೊಂಡು, ಆಮೇಲೆ ಊರೆಲ್ಲ ಸಮಾಧಾನ ಹೇಳಿಸಿಕೊಂಡು ನಾವು ಸಾಕಾಗಿದ್ದೆವು. ಈ ಸಲ ಹೊಟ್ಟೆ ತಾನೇ ಹೇಳುವ ತನಕ ಬಾಯಿ ಬಿಡುವುದಿಲ್ಲ ಎಂದು ಅತ್ತೆ ನಿರ್ಧಾರ ಮಾಡಿದ್ದರು. ಆದರೆ ಬಡಿಗ ಕೇಳಿದ ಆ ಪ್ರಶ್ನೆಗೆ ಸುಳ್ಳು ಹೇಳುವ ಧೈರ್ಯ ನಮ್ಮ ಕಡೆ ಯಾವ ಹೆಂಗಸಿಗೂ ಇಲ್ಲ.

"ಅದಾಳ" ಎಂದರು ಅತ್ತೆ.

ಕಾಳಪ್ಪ ಉಳಿ, ಬಾಚಿ ಎರಡನ್ನೂ ತಿರುಗಿ ಚೀಲಕ್ಕೆ ಹಾಕಿದ. "ಹಂಗಾದ್ರ ಈಗ ಬ್ಯಾಡ್ರಿ. ಬಸರಿ ಇದ್ದ ಮನಿ ಮುಂಬಾಗಿಲಾ ಕಳಚಬಾರದು, ಹೊಸ್ತಿಲಕ ಮೊಳಿ, ಬೆಣಿ ಬಡೀಬಾರದು. ನಿಮಗ ನಾ ಹೇಳೂದೇನದ. ಸುಸೂತ್ರ ಹಡದ ಮ್ಯಾಲ ಹೇಳಿ ಕಳಸ್ರಿ, ಓಡಿ ಬರ್ತೀನಿ" ಎಂದು ಚಹಾ ಕುಡಿದು ಹೋದ. ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಯಿತು. ಊರ ಬಾಯಿಗೆ ಮುಚ್ಚಳ ಇಲ್ಲ ಎಂಬುದು ಹಳೆಯ ಮಾತು. ನಮ್ಮ ಮನೆಗೂ ಅವತ್ತಿನಿಂದ ಮುಚ್ಚಳ ಇರಲಿಲ್ಲ.

ನನ್ನ ಗಂಡ ರಾತ್ರಿ ಊಟಕ್ಕೆ ಕೂತಾಗ ತೆಗೆದರು. "ಅವ್ವಾ, ಇವೆಲ್ಲಾ ಹಳೀ ಮಾತು. ಮಂದಿ ಹಸ್ತಾರ. ಕಾಳ ಇದ್ದ ಮನಿ ಹಿಂಗ ಬಾಯಿ ತಕ್ಕೊಂಡ ನಿಂತರ ಹ್ಯಾಂಗ?"

"ಕಾಳ ಹೋದರ ಮುಂದಿನ ವರ್ಷ ಬರ್ತದ" ಎಂದರು ಅತ್ತೆ, ಅವರ ತಾಟಿಗೆ ರೊಟ್ಟಿ ಹಾಕುತ್ತ. "ಕೂಸ ಹೋದರ ಬರ್ತದೇನು?"

ನನ್ನ ಗಂಡ ಅವತ್ತಿನಿಂದ ಹೊರಸು ತಂದು ಬಾಗಿಲ ಸಂದಿಗೆ ಅಡ್ಡ ಹಾಕಿಕೊಂಡು ಮಲಗತೊಡಗಿದರು. ತವರಿಗೆ ಕಳಿಸೋಣವೆಂದರೆ ಅಲ್ಲಿ ನನಗೆ ತಾಯಿ ಇರಲಿಲ್ಲ, ಬಾವಿಯಲ್ಲಿ ನೀರೂ ಇರಲಿಲ್ಲ. ಅತ್ತೆಯೇ ಬಾಣಂತನ ಮಾಡುವುದೆಂದು ತೀರ್ಮಾನವಾಯಿತು. ನಾನು ಹೊರಸಿನ ಆಚೆ ಕಾಣುವ ಓಣಿಯನ್ನು ನೋಡುತ್ತ, ಒಂದು ಕೂಸಿಗಾಗಿ ಇಷ್ಟು ದೊಡ್ಡ ಮನೆ ಬಾಗಿಲು ತೆರೆದು ಕೂತಿದೆಯಲ್ಲ ಎಂದು ಹೆಮ್ಮೆ ಪಡುತ್ತಿದ್ದೆ. ಹೆದರಿಕೆಯೂ ಆಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಯೆಣೆಗೂರಿನ ಕಡೆಗೆ ಹೋಗುವ ದಾರಿಯಲ್ಲಿ ಸರಕಾರದ ಬರಗಾಲದ ಕಾಮಗಾರಿ ಸುರುವಾಯಿತು. ರಸ್ತೆಗೆ ಖಡಿ ಒಡೆಯುವ ಕೆಲಸ. ಸುತ್ತಲಿನ ಹಳ್ಳಿಗಳಿಂದ, ನಿಲಂಗಾ ಕಡೆಯಿಂದ ಕೂಡ ಮಂದಿ ಬಂದರು. ಕೂಲಿಯ ಜೊತೆ ಮಿಲೋ ಎಂಬ ಪರದೇಶದ ಕೆಂಪು ಜೋಳ, ಸುಕಡಿ ಎಂಬ ಹಿಟ್ಟು. ಹೊಲವುಳ್ಳ ಗೌಡರ ಮನೆಯ ಹೆಂಗಸರೂ ಸೆರಗು ಮುಖದ ಮೇಲೆ ಎಳೆದುಕೊಂಡು ಕಲ್ಲು ಒಡೆದರು. ನಮ್ಮ ಮನೆ ಊರ ಅಂಚಿಗೆ, ಆ ದಾರಿಗೆ ಹತ್ತಿರ. ಮಧ್ಯಾಹ್ನದ ಬಿಡುವಿಗೆ ಒಬ್ಬಾಕೆ ಅರ್ಧ ತೆರೆದ ಬಾಗಿಲಲ್ಲಿ ಬಗ್ಗಿ ನೋಡಿ, "ಪಾಣಿ ದ್ಯಾ ನಾ ಮಾಯ್" ಎಂದಳು.

ಅವಳ ಹೆಸರು ಚಂದ್ರಾಬಾಯಿ. ನಿಲಂಗಾ ಕಡೆಯ ಮರಾಠಿ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು, ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದಿದ್ದವು. ಅತ್ತೆ ನೀರು ಕೊಟ್ಟರು. ಮರುದಿನ ಅವಳು ಇನ್ನಿಬ್ಬರನ್ನು ಕರೆತಂದಳು. ವಾರ ಕಳೆಯುವುದರೊಳಗೆ ನಮ್ಮ ಪಡಸಾಲೆ ನೆರಳಿಗೆ ಬಂದು ಕೂರುವವರ ತಾಣವಾಯಿತು. ನಮ್ಮ ಅತ್ತೆ ದಾನಶೂರರ ವಂಶದವರೇನೂ ಅಲ್ಲ. ಮೊದಲ ದಿನಗಳಲ್ಲಿ ಆ ಹೆಂಗಸರು ಬಂದರೆ ಮುಖ ಗಂಟಿಕ್ಕಿಕೊಂಡು ಒಳಗೆ ಹೋಗುತ್ತಿದ್ದರು. ಆದರೆ ತೆರೆದ ಬಾಗಿಲಲ್ಲಿ ನಿಂತವರಿಗೆ ಬರಬೇಡ ಎಂದು ಬಾಯಿಬಿಟ್ಟು ಹೇಳಬೇಕು. ಮುಚ್ಚಿದ ಬಾಗಿಲಾದರೆ ಆ ಕಷ್ಟವಿಲ್ಲ. ಅತ್ತೆಗೆ ಹಾಗೆ ಹೇಳಲು ಬರಲಿಲ್ಲ. ಮೆಲ್ಲಗೆ ನೀರಿನ ಜೊತೆ ಒಂದು ಗಡಿಗೆ ಅಂಬಲಿಯೂ ಪಡಸಾಲೆಗೆ ಬಂತು. ಯಾರೂ ಒಂದು ಕಾಳು ಕದಿಯಲಿಲ್ಲ. ಹಸಿದವರನ್ನು ಕಂಡು ಕಳ್ಳರೆಂದು ಹೆದರಿದ್ದು ನಾವು.

ನಾನು ಅವರ ನಡುವೆ ಹೊಟ್ಟೆ ಹೊತ್ತುಕೊಂಡು ಕೂರುತ್ತಿದ್ದೆ. ಚಂದ್ರಾಬಾಯಿ ದಿನಾ ನನ್ನನ್ನು ನೋಡಿ, ಬಾಗಿಲು ನೋಡಿ ನಗುತ್ತಿದ್ದಳು. ಅವಳಿಗೂ ಆ ಪದ್ಧತಿ ಗೊತ್ತಿತ್ತು. ಇವಳು ಹೆತ್ತರೆ ನಮ್ಮ ನೆರಳು ಹೋಯಿತು ಎಂದು ಉಳಿದವರಿಗೆ ಚಾಷ್ಟಿ ಮಾಡುತ್ತಿದ್ದಳು. ಎಂಟನೆಯ ತಿಂಗಳಿಗೆ ಬಿದ್ದಾಗ ಮಠದ ಅಯ್ಯನವರು ಬಂದು, ಹುಟ್ಟಲಿರುವ ಕೂಸಿಗೆಂದು ಸಣ್ಣ ಲಿಂಗವೊಂದನ್ನು ನನ್ನ ಕೊರಳಿಗೆ, ನನ್ನದರ ಪಕ್ಕಕ್ಕೆ ಕಟ್ಟಿದರು. ಆ ದಿನ ಅತ್ತೆ ಪಡಸಾಲೆಯವರಿಗೆಲ್ಲ ಒಂದೊಂದು ತುಣುಕು ಬೆಲ್ಲ ಕೊಟ್ಟರು. ಬಾವಿಯ ತಳದಲ್ಲಿ ಕೊಡ ಮುಳುಗದಷ್ಟು ನೀರಿದ್ದ ವರ್ಷದಲ್ಲಿ ಬೆಲ್ಲ ಹಂಚಿದ ಮನೆ ನಮ್ಮದೊಂದೇ ಇರಬೇಕು.

ಎತ್ತೊಂದು ಒಳಗೆ ಬಂದದ್ದು ಅದಾಗಿ ಕೆಲವೇ ದಿನಗಳಿಗೆ. ದೇವಣಿ ಕಡೆಯ ಮುದುಕನೊಬ್ಬ ತನ್ನ ಎತ್ತುಗಳನ್ನು ಛಾವಣಿಗೆ, ಅಂದರೆ ಸರಕಾರ ದನಗಳಿಗೆ ಮೇವು ಹಾಕುವ ಜಾಗಕ್ಕೆ, ಹೊಡೆದುಕೊಂಡು ಹೊರಟಿದ್ದ. ಅದರಲ್ಲೊಂದು ಹಗ್ಗ ಹರಿದುಕೊಂಡು ನೀರಿನ ವಾಸನೆ ಹಿಡಿದು ಓಣಿಗೆ ನುಗ್ಗಿತು. ಬಿಳಿ ಮೈ, ಮೇಲೆ ಕರಿ ಮಚ್ಚೆ, ಎಲುಬು ಎಣಿಸುವಂತಿದ್ದರೂ ಎತ್ತಿನ ಗಾತ್ರ ಗಾತ್ರವೇ. ನಾನು ಪಡಸಾಲೆಯ ತಂಪು ಕಲ್ಲಿನ ಮೇಲೆ ಚಾಪೆ ಹಾಸಿ ಮಲಗಿದ್ದೆ. ಕಣ್ಣು ಬಿಟ್ಟಾಗ ಅದು ನನ್ನ ತಲೆಯ ಹತ್ತಿರ ನಿಂತು ಗಡಿಗೆಯಲ್ಲಿ ಮೂತಿ ಇಟ್ಟಿತ್ತು. ಗಡಿಗೆ ಒಡೆಯಿತು. ಹೆಂಗಸರು ಚೀರಿದ್ದಕ್ಕೆ ಬೆದರಿ ಅದು ತಿರುಗುವಾಗ ಹಿಂಗಾಲು ನನ್ನ ಸೊಂಟದಿಂದ ಒಂದು ಗೇಣು ದೂರಕ್ಕೆ ಬಿತ್ತು. ನನಗೆ ಏನೂ ತಾಗಲಿಲ್ಲ. ಮುದುಕ ಓಡಿ ಬಂದು ಅದರ ಕೊರಳು ಹಿಡಿದುಕೊಂಡ.

"ಹೊಡೀಬ್ಯಾಡ್ರಿ ಯವ್ವಾ. ಅದಕ್ಕ ಖೋಡಿ ಬುದ್ಧಿ ಇಲ್ಲ, ಹಸಿವಷ್ಟೇ ಅದ" ಎಂದು ಕೈ ಮುಗಿದ.

ಅತ್ತೆ ಕೈ ಬೀಸಿ ಆತನನ್ನು ಕಳಿಸಿದರು. ಅವರ ಮುಖ ಬೂದಿಯಾಗಿತ್ತು. ಅವತ್ತು ದಿನವಿಡೀ ಅವರು ಹತ್ತು ಸಲ ಬಂದು ನನ್ನ ಹೊಟ್ಟೆ ಮುಟ್ಟಿ ನೋಡಿದರು. "ಆಡ್ಲಾಕತ್ತದಿಲ್ಲ?" ಎಂದು ಕೇಳುವುದು, ನಾನು ಹೌದೆನ್ನುವುದು, ಅವರು ಬಾಗಿಲ ಕಡೆ ನೋಡುವುದು. ಇದೇ ಆಯಿತು.

ಮುಂದಿನ ಸಂತೆಯ ದಿನ ಕಾಮಗಾರಿಗೆ ಸೂಟಿ. ಪಡಸಾಲೆ ಖಾಲಿ, ಗಂಡ ಅಂಗಡಿಯಲ್ಲಿ. ಮಧ್ಯಾಹ್ನದ ಬಿಸಿಲಿಗೆ ಓಣಿಯಲ್ಲಿ ನಾಯಿಯೂ ಇರಲಿಲ್ಲ. ನಾನು ನಡುಮನೆಯಲ್ಲಿ ಮಲಗಿದ್ದೆ, ನಿದ್ದೆ ಹತ್ತಿರಲಿಲ್ಲ. ಟಕ್ ಎಂದು ಕಲ್ಲಿನ ಸಪ್ಪಳ ಕೇಳಿ ತಲೆ ಎತ್ತಿದೆ. ಅತ್ತೆ ಬಾಗಿಲ ಹತ್ತಿರ ನೆಲಕ್ಕೆ ಕೂತಿದ್ದರು. ಜೋತ ಕದವನ್ನು ಭುಜದಿಂದ ಮೇಲಕ್ಕೆ ಎತ್ತಿ ಹಿಡಿದು, ಅದರ ಕಾಲಿನ ಅಡಿಗೆ ಬೇವಿನ ಕಟ್ಟಿಗೆಯ ಬೆಣೆಯೊಂದನ್ನು ಇಟ್ಟು, ಖಾರ ಅರೆಯುವ ಗುಂಡುಕಲ್ಲಿನಿಂದ ಬಡಿಯುತ್ತಿದ್ದರು. ಒಂದು ಏಟು ಹಾಕುವುದು, ಓಣಿಯ ಕಡೆ ನೋಡುವುದು. ಮತ್ತೊಂದು ಏಟು. ಕದ ಒಂದು ಬೆರಳಿನಷ್ಟು ಮೇಲೆ ಬಂತು. ಎದ್ದು ನಿಂತು ದೂಡಿದರು. ಸ್ವಲ್ಪ ಮುಂದೆ ಸರಿದು ಮತ್ತೆ ನೆಲ ಕಚ್ಚಿತು. ಸಂದು ಸಂದಾಗಿಯೇ ಉಳಿಯಿತು. ಅವರು ಕದಕ್ಕೆ ಹಣೆ ಆನಿಸಿ ಕೊಂಚ ಹೊತ್ತು ನಿಂತರು. ಬೆಣೆ ಕೀಳಲು ಬಾಗಿದರು, ಬರಲಿಲ್ಲ. ಕೀಳಬೇಕಾದರೆ ಮತ್ತೆ ಬಡಿಯಬೇಕು. ಗುಂಡುಕಲ್ಲು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಬಂದರು. ನಾನು ಕಣ್ಣು ಮುಚ್ಚಿಕೊಂಡೆ.

ಹೊಟ್ಟೆಯೊಳಗಿನ ಒದೆತ ನಿಂತದ್ದು ಆ ವಾರದಲ್ಲಿ. ಮೊದಲ ದಿನ ಕೂಸು ಮಲಗಿದೆ ಎಂದುಕೊಂಡೆ. ಮರುದಿನ ಅತ್ತೆ ಬಂದು ಹೊಟ್ಟೆ ಮುಟ್ಟಿದವರು ಕೈ ತೆಗೆಯಲೇ ಇಲ್ಲ. ಗಂಡ ಉಮರ್ಗಾಕ್ಕೆ ಹೋಗಿ ಬಸ್ಸಿನಲ್ಲಿ ನರ್ಸಬಾಯಿಯನ್ನು ಕರೆತಂದರು. ನಾನು ನೋವು ತಿಂದೆ, ಹೆತ್ತೆ. ಹೆಣ್ಣು ಕೂಸು. ತಲೆ ತುಂಬ ಕೂದಲು, ನಮ್ಮ ಅತ್ತೆಯದೇ ಎತ್ತರದ ಹಣೆ. ಅಳಲಿಲ್ಲ. ಹಿಂಗೂ ಆಗ್ತಾವ, ಯಾರ ತಪ್ಪೂ ಅಲ್ಲ ಎಂದು ನರ್ಸಬಾಯಿ ಮರಾಠಿಯಲ್ಲಿ ಹೇಳಿ, ಕೈ ತೊಳೆಯಲು ಕೊಟ್ಟ ನೀರಿನಲ್ಲಿ ಅರ್ಧ ಉಳಿಸಿ ಹೋದಳು.

ಅಯ್ಯನವರು ಬಂದರು. ನಮ್ಮಲ್ಲಿ ಸೂತಕವಿಲ್ಲ, ಲಿಂಗದವರ ಕೂಸು ಲಿಂಗಕ್ಕೆ ಸೇರಿತು ಎಂದರು. ನನ್ನ ಕೊರಳಿನಿಂದ ಆ ಸಣ್ಣ ಲಿಂಗ ಬಿಚ್ಚಿ ಕೂಸಿನ ಕೈಯಲ್ಲಿಟ್ಟರು. ನನ್ನ ಗಂಡ ಬಿಳಿ ಅರಿವೆಯಲ್ಲಿ ಸುತ್ತಿದ ಆ ಗಂಟನ್ನು ಎದೆಗೆ ಹಿಡಿದುಕೊಂಡು ಹೊಲಕ್ಕೆ ಹೊರಟಾಗ ಪಡಸಾಲೆಯಲ್ಲಿ ಕೂತಿದ್ದ ಹೆಂಗಸರು ಎದ್ದು ಬದಿಗೆ ಸರಿದು ನಿಂತರು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವರ ಕಣ್ಣಲ್ಲಿ ನೀರು ಬರಲಿಲ್ಲ. ನಾನು ಒಳಗಿನಿಂದ ನೋಡುತ್ತಿದ್ದೆ, ಹೊರಗೆ ಓಣಿಯವರು ನೋಡುತ್ತಿದ್ದರು.

ಸಾವಿಗೆ ಹೆಣ್ಣುಮಕ್ಕಳು ಎದೆ ಬಡಿದುಕೊಂಡು ಹಾಡಿ ಅಳುವುದು ನಮ್ಮಲ್ಲಿ ಇದೆ. ಮಾವ ತೀರಿಕೊಂಡಾಗ ಅತ್ತೆ ಅತ್ತದ್ದನ್ನು ಊರು ಇನ್ನೂ ಹೇಳುತ್ತಿತ್ತು. ಈ ಸಲ ಅವರು ಒಂದು ಹನಿ ಹಾಕಲಿಲ್ಲ. ಓಣಿಯ ಮುದುಕಿಯೊಬ್ಬಳು ಬಂದು, "ಅಳು ಶರಣವ್ವ, ಎದಿ ಹಗುರ ಆಗ್ತದ" ಎಂದಳು. ಅತ್ತೆ ಪಡಸಾಲೆಯ ಕಡೆ ಕೈ ತೋರಿಸಿದರು.

"ಬಾಗಿಲದಾಗ ಹಸದ ಮಂದಿ ಕುಂತಾರ. ಕಾಳ ಇದ್ದ ಮನಿಯವರು ನಾವು. ಅವರ ಮುಂದ ಯಾವ ಬಾಯಿಲೆ ಅಳ್ಲಿ?"

ಈಗ ಬಸಿರೂ ಇಲ್ಲ, ಬಾಣಂತನವೂ ಮುಗಿದು ನಾನು ಎದ್ದು ಓಡಾಡುತ್ತಿದ್ದೆ. ಗಂಡ ಒಂದು ದಿನ ತಲೆ ತಗ್ಗಿಸಿ, ಕಾಳಪ್ಪನಿಗೆ ಹೇಳಲೇ ಎಂದರು. ಅತ್ತೆ ಬೇಡ ಎಂದರು. ಮತ್ತೆ ಹತ್ತು ದಿನ ಬಿಟ್ಟು ಕೇಳಿದರು. ಬೇಡ. ಓಣಿಯವರು ತಮಗೆ ತೋಚಿದ್ದು ಆಡಿಕೊಂಡರು. ಸೊಸೆಗೆ ಸುತ್ತಿಗೆಯ ಸಪ್ಪಳ ಕೇಳಿಸಬಾರದೆಂದು ಶರಣಮ್ಮ ಬಾಗಿಲು ಹಾಗೇ ಬಿಟ್ಟಿದ್ದಾಳೆ, ಎಂಥ ಅತ್ತೆ ಎಂದು ಕೆಲವರು ಹೊಗಳಿದರು. ನನಗೆ ಮಾತ್ರ ಗೊತ್ತಿತ್ತು. ಕಾಳಪ್ಪ ಬಂದು ಕದ ಎತ್ತಿದರೆ ಅದರ ಅಡಿಯಲ್ಲಿ ಬೆಣೆ ಸಿಗುತ್ತದೆ.

ನಾನು ಏಳನೆಯ ಇಯತ್ತೆ ಓದಿದವಳು. ಬಾಗಿಲಿಗೆ ಬಡಿದ ಬೆಣೆಯಿಂದ ಹೊಟ್ಟೆಯ ಕೂಸು ಸಾಯುವುದಿಲ್ಲ ಎಂದು ನನ್ನ ತಲೆಗೆ ಗೊತ್ತಿತ್ತು. ಆದರೆ ಎದೆಯಲ್ಲಿ ಹಾಲು ಕಟ್ಟಿಕೊಂಡು ಉರಿಯುವಾಗ ತಲೆಯ ಮಾತು ಯಾರು ಕೇಳುತ್ತಾರೆ? ಸಿಟ್ಟು ಬಂದಿತ್ತು ನನಗೆ. ಮಗನಿಗೆ ಬೇಡ ಎಂದವರು, ಬಡಿಗನನ್ನು ವಾಪಸು ಕಳಿಸಿದವರು, ತಾವೇ ಕೂತು ಬಡಿದರಲ್ಲ ಎಂದು. ಅತ್ತೆ ತಾಟಿಗೆ ಬಡಿಸಿದರೆ ಉಣ್ಣುತ್ತಿದ್ದೆ, ತಲೆ ಬಾಚಲು ಬಂದರೆ ಕೂರುತ್ತಿದ್ದೆ, ಅವರ ಮುಖ ನೋಡುತ್ತಿರಲಿಲ್ಲ. ಅವರೂ ನನ್ನ ಮುಖ ನೋಡುತ್ತಿರಲಿಲ್ಲ. ಒಂದೇ ಒಲೆಯ ಮುಂದೆ ಇಬ್ಬರೂ ಕೂತು ರೊಟ್ಟಿ ಬಡಿಯುತ್ತಿದ್ದೆವು, ರೊಟ್ಟಿಯದಷ್ಟೇ ಸಪ್ಪಳ. ಹೀಗೇ ನಡೆದರೆ ಈ ಮನೆಯಲ್ಲಿ ಇನ್ನೊಂದು ಕೂಸು ಆಡುವುದು ಹೇಗೆ, ಎಲ್ಲಿಗಾದರೂ ಹೊರಟುಹೋಗಲೇ ಎಂದು ಕೂಡ ನನಗೆ ಅನಿಸಿತು. ಹೋಗುವುದಕ್ಕೆ ತವರಾದರೂ ಎಲ್ಲಿತ್ತು.

ಮಳೆ ಬಂತು. ಮೊದಲ ದಿನ ಅದನ್ನು ಯಾರೂ ನಂಬಲಿಲ್ಲ. ಗಂಡಸರು ಅಂಗಿ ತೆಗೆದು ಓಣಿಯಲ್ಲಿ ಸುಮ್ಮನೆ ನಿಂತುಕೊಂಡರು. ಎರಡನೆಯ ಮಳೆಗೆ ಹೊಲದ ಬಿರುಕು ಕೂಡಿಕೊಂಡವು. ನನ್ನ ಮಗಳ ಮೇಲಿನ ಮಣ್ಣೂ ಕೂಡಿಕೊಂಡಿರಬೇಕು ಎಂದು ನಾನು ಒಳಗೆ ಕೂತು ಲೆಕ್ಕ ಹಾಕಿದೆ. ಕಾಮಗಾರಿ ಮುಗಿಯಿತು. ಬಂದವರು ತಮ್ಮ ತಮ್ಮ ಊರಿಗೆ, ಬಿತ್ತನೆಗೆ ಹೊರಟರು. ಚಂದ್ರಾಬಾಯಿ ಕೊನೆಯ ದಿನ ಗಂಟು ಕಟ್ಟಿಕೊಂಡು ಬಂದಳು. ಅತ್ತೆಯ ಕಾಲು ಮುಟ್ಟಿದಳು, ನನ್ನ ಗಲ್ಲ ಸವರಿದಳು. ಹೋಗುವಾಗ ಬಾಗಿಲ ಮೇಲೆ ಕೈ ಇಟ್ಟು ಅತ್ತೆಗೆ ಹೇಳಿದಳು.

"ಮಾಯ್, ಆಮ್ಹಿ ಜಾತೋ. ಆತಾ ದಾರ್ ಲಾವಾ."

ನಾವು ಹೊರಟೆವು, ಇನ್ನು ಬಾಗಿಲು ಹಾಕಿಕೊಳ್ಳಿ ಎಂದು. ಅತ್ತೆ ತಲೆ ಆಡಿಸಿದರು. ಆದರೆ ಮರುದಿನವೂ, ಅದರ ಮರುದಿನವೂ ಬಾಗಿಲಿನ ಮಾತೆತ್ತಲಿಲ್ಲ. ಕೊನೆಗೆ ನಾನೇ ಗಂಡನ ಹತ್ತಿರ ಹೇಳಿದೆ, ಕಾಳಪ್ಪನನ್ನು ಕರೆಸಿರಿ ಎಂದು. ಸಿಟ್ಟಿನಿಂದ ಹೇಳಿದೆನೋ, ಮಳೆಯ ಎರಚಲು ಒಳಗೆ ಬರುತ್ತಿತ್ತೆಂದು ಹೇಳಿದೆನೋ, ಇವತ್ತಿಗೂ ಖಚಿತವಿಲ್ಲ.

ಕಾಳಪ್ಪ ಬಂದ. ಈ ಸಲ ಏನೂ ಕೇಳಲಿಲ್ಲ. ಬಂದವನೇ ಚೀಲ ಬಿಚ್ಚಿದ. ಸದ್ದು ಕೇಳಿ ಅತ್ತೆ ಹಿತ್ತಲಿನಿಂದ ಬಂದರು, ಬಂದು ಪಡಸಾಲೆಯ ಕಂಬ ಹಿಡಿದು ನಿಂತರು. ನನ್ನ ಗಂಡ ಒಂದು ಕಡೆ, ಕಾಳಪ್ಪ ಒಂದು ಕಡೆ ಹಿಡಿದು ಜೋತ ಕದವನ್ನು ಮೇಲೆತ್ತಿದರು. ಕಾಳಪ್ಪ ಬಗ್ಗಿ ಕುಳಿಯಲ್ಲಿ ಬೆರಳು ಆಡಿಸಿ ತಡೆದ. ಉಳಿ ಹಾಕಿ ಎಬ್ಬಿಸಿ ಹೊರಗೆ ತೆಗೆದ. ಚಪ್ಪಟೆಯಾದ ಬೇವಿನ ತುಂಡು, ಒಂದು ತುದಿಯಲ್ಲಿ ಕಲ್ಲಿನ ಏಟಿಗೆ ನಾರು ನಾರಾಗಿತ್ತು.

"ಇದನ್ನ ಯಾರ ಬಡದಾರ್ರೀ?" ಎಂದು ಕೇಳಿದ. "ನಾ ಹೋಗುಮುಂದ ಇದು ಇದ್ದಿಲ್ಲ."

ಗಂಡ ನನ್ನ ಮುಖ ನೋಡಿದರು, ತಾಯಿಯ ಮುಖ ನೋಡಿದರು. ಕಾಳಪ್ಪನಿಗೆ ಅರ್ಥವಾಗಿ ಕೈಯಲ್ಲಿದ್ದದ್ದನ್ನು ಕೆಳಗಿಡಲೂ ಆಗದೆ ಹಿಡಿದುಕೊಂಡ. ನಾನು ಅಷ್ಟು ತಿಂಗಳ ಮೇಲೆ ಮೊದಲ ಸಲ ಅತ್ತೆಯನ್ನು ನೆಟ್ಟಗೆ ನೋಡಿದೆ. ಎಷ್ಟು ಮುದುಕಿಯಾಗಿದ್ದರು. ಕಂಬ ಹಿಡಿದ ಬೆರಳು ಬೆಳ್ಳಗಾಗಿದ್ದವು. ಹೇಳಿಬಿಡಲು ಬಾಯಿ ತೆರೆದಿದ್ದರು. ನಾನು ಇಷ್ಟು ದಿನ ಸಾಕಿಕೊಂಡಿದ್ದ ಸಿಟ್ಟಿಗೆ ನಿಲ್ಲಲು ಆ ಮುಖದಲ್ಲಿ ಜಾಗವೇ ಇರಲಿಲ್ಲ.

"ನಾನೇ ಬಡದೀನ್ರಿ" ಎಂದೆ. "ಅವತ್ತ ಎತ್ತ ಒಳಗ ಬಂತಲ್ಲ, ಅಂಜಿಕಿ ಬಂತು. ಬಾಗಿಲಾ ಹಾಕಲಿಕ್ಕ ಬರ್ತದೇನು ಅಂತ ಬಡದ ನೋಡ್ದೆ."

ಗಂಡ ಕದವನ್ನು ಗೋಡೆಗೆ ಆನಿಸಿ ಆ ಕಡೆ ತಿರುಗಿ ನಿಂತರು. ಕಾಳಪ್ಪ ಬೆಣೆಯನ್ನು ಬದಿಗೆ ಸರಿಸಿ, ಕಲ್ಲು ಕೀಳಲು ಕೂತ. ಪಾಪ, ಒಳ್ಳೆಯ ಮನುಷ್ಯ. "ಅದರಿಂದೇನ ಆಗಲ್ರಿ ತಾಯಿ. ಹಿರ್ಯಾರು ಹೇಳಿದ ಮಾತು, ನಾವೂ ಹೇಳ್ಕೋತ ಬಂದೀವಿ ಅಷ್ಟೇ" ಎಂದು ನೆಲ ನೋಡುತ್ತ ಹೇಳಿದ. ಅವನ ಜೀವಮಾನದಲ್ಲಿ ಆ ಮಾತನ್ನು ಅವನು ಇನ್ನೆಲ್ಲೂ ಹೇಳಿರಲಿಕ್ಕಿಲ್ಲ.

ಅವರು ಕಲ್ಲು ಎಬ್ಬಿಸಿ, ಅಡಿಗೆ ಗರಸು ಬಡಿದು, ಮಟ್ಟ ನೋಡಿ ಕೂಡಿಸಿದರು. ಕದದ ಕಾಲನ್ನು ಹೆರೆದು ಕಬ್ಬಿಣದ ಬಳೆ ತೊಡಿಸಿದರು. ಇಳಿಹೊತ್ತಿಗೆ ಕೆಲಸ ಮುಗಿಯಿತು. ಕಾಳಪ್ಪ ಕುಳಿಗೆ ಒಂದಿಷ್ಟು ಎಣ್ಣೆ ಬಿಟ್ಟು, ಕದವನ್ನು ಎರಡು ಸಲ ಆಡಿಸಿ ತೋರಿಸಿ ಹೋದ. ಗಂಡ ಕೈಕಾಲು ತೊಳೆದುಕೊಂಡು ಅಂಗಡಿಗೆ ಹೋದರು. ಮನೆಯಲ್ಲಿ ನಾವಿಬ್ಬರೇ ಉಳಿದೆವು. ಅತ್ತೆ ಬೆಳಗಿನಿಂದ ಕಂಬದ ಬುಡ ಬಿಟ್ಟು ಎದ್ದಿರಲಿಲ್ಲ. ನಾನು ಹೊಟ್ಟು ಗುಡಿಸುತ್ತಿದ್ದೆ.

"ನೀ ನೋಡಿದ್ಯಾ?" ಎಂದರು.

"ನೋಡೀನ್ರಿ."

"ಮತ್ತ ನಿನ್ನ ಮ್ಯಾಲ ಯಾಕ ಹಾಕ್ಕೊಂಡಿ?"

ಕಸಬರಿಗೆ ಬದಿಗಿಟ್ಟು ಅವರ ಹತ್ತಿರ ಕೂತೆ. "ನೀವ್ ಕೂಸಿನ್ನ ಉಳಸ್ಲಾಕ ಬಡದ್ರಿ ಅತ್ತಿ. ನನಗ ಇಷ್ಟ್ ದಿನ ಅದು ತಿಳೀಲಿಲ್ಲ" ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು. ಬಿಗಿಯಾಗಿ, ನೋಯುವಷ್ಟು. ಆಮೇಲೆ, "ಹೋಗವ್ವ, ಬಾಗಿಲಾ ಹಾಕು" ಎಂದರು.

ನಾನು ಎದ್ದು ಎರಡೂ ಕದಗಳನ್ನು ದೂಡಿದೆ. ಹಗುರವಾಗಿ ಬಂದು ಕೂಡಿಕೊಂಡವು. ಅಗಳಿ ಹಾಕಿದೆ. ಪಡಸಾಲೆ ಕತ್ತಲಾಯಿತು, ಅಲ್ಲಿ ಹಗಲಿನಲ್ಲಿ ಅಷ್ಟು ಕತ್ತಲೆ ಇರುತ್ತದೆಂಬುದೇ ನನಗೆ ಮರೆತುಹೋಗಿತ್ತು. ನಾನು ತಿರುಗುವುದರೊಳಗೆ ನನ್ನ ಹಿಂದೆ ಅತ್ತೆಯ ದನಿ ಎದ್ದಿತ್ತು. ಎರಡೂ ಕೈಯಿಂದ ಎದೆ ಬಡಿದುಕೊಂಡು, ಹೆಸರಿಡದ ಆ ಕೂಸನ್ನು ನನ್ನವ್ವ, ನನ್ನ ಬಂಗಾರ ಎಂದು ಕರೆದು, ಅದರ ಕೂದಲು ಹಾಡಿ, ಅದರ ಹಣೆ ಹಾಡಿ, ಬೆಣೆ ಬಡಿದ ತನ್ನ ಕೈಗೆ ಶಾಪ ಹಾಕಿ ಅತ್ತರು. ಹಾಡಿಗೆ ಹಾಡು ಕೂಡಿಸಲು ನನಗೆ ಬರುತ್ತಿರಲಿಲ್ಲ, ಅವತ್ತು ಬಂತು. ಅವರ ಕೊರಳು ಹಿಡಿದುಕೊಂಡು ನಾನೂ ಅತ್ತೆ.

ಸ್ವಲ್ಪ ಹೊತ್ತಿಗೆ ಯಾರೋ ಹೊರಗಿನಿಂದ ಕೊಂಡಿ ಬಡಿದು, ಏನಾಯ್ತ್ರಿ ಎಂದು ಕೂಗಿದರು. ನಾವು ಬಾಗಿಲು ತೆಗೆಯಲಿಲ್ಲ.